ಅತ್ತೆ ಆರಿಸಿದ ಬಸವನಹುಳು

“ಇದು ಸೊಪ್ಪು ತಿಂತೈತೋ, ಮಾಂಸ ತಿಂತೈತೋ? ಮೊದ್ಲು ಅಷ್ಟು ಹೇಳ್ರಿ” ಎಂದು ಅತ್ತೆ ಬಕೆಟ್ಟಿನಲ್ಲಿದ್ದ ಏಡಿಯನ್ನು ತೋರಿಸಿ ಕೇಳಿದರು. ದಾವಣಗೆರೆಯ ನಮ್ಮದು ಮೊಟ್ಟೆಯ ಹೆಸರನ್ನೂ ಎತ್ತದ ಮನೆ. ಯಜಮಾನರು ಕಾರವಾರದಿಂದ ಸಮುದ್ರದ ನೀರು, ಬಣ್ಣದ ಮೀನು ತಂದು ತುಂಬಿಸಿದ್ದ ಗಾಜಿನ ತೊಟ್ಟಿಗೆ ಪಾಚಿ ಕಟ್ಟಿತ್ತು; ಅದನ್ನು ತಿಂದು ಚೊಕ್ಕ ಮಾಡುವ ಜೀವಿ ಬೇಕಿತ್ತು.

“ಏಡಿ ಬ್ಯಾಡ್ರಿ ಅಮ್ಮಾ, ಸಿಕ್ಕಿದ್ದೆಲ್ಲ ತಿಂತೈತೆ. ಬಸವನಹುಳ ಇಟ್ಕೊಳ್ರಿ, ಬರೀ ಪಾಚಿ ತಿಂತಾವ” ಎಂದರು, ಎರಡನ್ನೂ ಮಾರಲು ತಂದಿದ್ದ ಹರಿಹರದ ಸಾಹೇಬರು. ಅತ್ತೆ ಐದನ್ನು ಆರಿಸಿದರು.

ಪಾಚಿಯೇನೋ ಮುಗಿಯಿತು. ಒಂದು ಬೆಳಿಗ್ಗೆ ನೋಡಿದರೆ ಐದೂ ಸತ್ತ ಮೀನಿನ ಸುತ್ತ ಪಂಕ್ತಿ ಕೂತು ಉಣ್ಣುತ್ತಿದ್ದವು!

“ಇರ್ಲಿ ಬಿಡವ್ವ” ಎಂದು ಅತ್ತೆ ನನ್ನ ಕಿವಿಯಲ್ಲಿ ಹೇಳಿದರು. “ಕಾರವಾರಕ್ಕೆ ಹೋದಾಗ ನಿನ್ ಗಂಡನೂ ಹಿಂಗ. ನಾನೇನು ಕೇಳೀನಾ?”

ಮುಂದಿನ ಸಲ ಯಜಮಾನರು ನೀರು ತರಲು ಹೊರಟಾಗ ಅತ್ತೆ ಕಾವಲಿಗೆಂದು ನನ್ನನ್ನೂ ಕಳಿಸಿದರು. ಅಲ್ಲಿಯ ಮೀನು ಸಾರಿನ ರುಚಿಯನ್ನು ನಾನು ಅತ್ತೆಗೆ ಇನ್ನೂ ಹೇಳಿಲ್ಲ.