ಕೆಮ್ಮಿನ ಮಾತ್ರೆ

ಆಕೆಗೆ ಉಶ್ಶಮ್ಮ ಅಂತ ಹೆಸರಿಟ್ಟಿದ್ದು ಡೇ ಕೇರಿನ ಮಕ್ಕಳೇ. ಮಧ್ಯಾಹ್ನ ಊಟವಾದ ಮೇಲೆ ಪರದೆ ಎಳೆದು, ಚಾಪೆಗಳ ನಡುವೆ ಕೂತು, ಒಂದೊಂದೇ ಬೆನ್ನು ತಟ್ಟುತ್ತ "ಉಶ್..." ಅನ್ನುತ್ತಿದ್ದಳು. ಹಾಡು ಬರುತ್ತಿರಲಿಲ್ಲ, ಕಥೆಯೂ ಗೊತ್ತಿರಲಿಲ್ಲ. ಆ ಒಂದು ಸದ್ದಿಗೇ ಎಂಥ ಹಟಮಾರಿ ಮಗುವೂ ಕಣ್ಣು ಮುಚ್ಚುತ್ತಿತ್ತು. ಡೇ ಕೇರ್ ನಡೆಸುತ್ತಿದ್ದ ಮೇಡಂ ಹೊಸದಾಗಿ ಬಂದ ತಂದೆತಾಯಿಗಳನ್ನು ಬಾಗಿಲ ತನಕ ಕರೆತಂದು, ಒಳಗೆ ಮಲಗಿದ್ದ ಸಾಲನ್ನು ತೋರಿಸಿ, "ನೋಡಿ, ನಮ್ಮ ಆಯಾ ಕೈಗುಣ" ಅನ್ನುತ್ತಿದ್ದರು. ಉಶ್ಶಮ್ಮನಿಗೆ ಒಳಗೊಳಗೇ ಹಿಗ್ಗು. ಮನೆಗೆ ಬಂದು ಹೇಳಿದರೆ ಗಂಡ, ಬೀಗ ರಿಪೇರಿ ಮಾಡುವವನು, "ಮನೇಲಿ ಮಾತ್ರ ನಿನ್ನ ಬಾಯಿಂದ ಯಾರಿಗೂ ನಿದ್ದೆ ಬರಲ್ಲ" ಎಂದು ನಗುತ್ತಿದ್ದ.

ಶುಗರ್ ಆಕೆಗೆ ಹಳೆಯ ಸಂಗಾತಿ. ಆಮೇಲೆ ಬಿಪಿಯೂ ಬಂದು ಸೇರಿಕೊಂಡಿತು. ಒಮ್ಮೆ ದೊಡ್ಡಾಸ್ಪತ್ರೆಯಲ್ಲಿ ಮೂತ್ರ ಪರೀಕ್ಷೆ ಮಾಡಿಸಿದಾಗ ಡಾಕ್ಟರು ಚೀಟಿಯಿಂದ ತಲೆ ಎತ್ತಿ ಹೇಳಿದರು: "ಅಮ್ಮ, ಕಿಡ್ನಿಯಿಂದ ಪ್ರೋಟೀನ್ ಸೋರ್ತಾ ಇದೆ. ಶುಗರ್ ಅಲ್ಲಿಗೂ ಕೈ ಹಾಕಿದೆ. ಹೆದರಬೇಡಿ. ಈ ಮಾತ್ರೆ ಬಿಪಿನೂ ಇಳಿಸತ್ತೆ, ಕಿಡ್ನಿನೂ ಕಾಯತ್ತೆ. ಸಣ್ಣ ಡೋಸಿಂದ ಶುರು ಮಾಡಿ, ರಕ್ತ ನೋಡ್ಕೊಂಡು ಏರಿಸ್ತಾ ಹೋಗೋಣ."

ಉಶ್ಶಮ್ಮ ಹೇಳಿದ ಹಾಗೆ ನುಂಗಿದಳು. ಸ್ವಲ್ಪ ದಿನಕ್ಕೆ ಗಂಟಲಲ್ಲಿ ಯಾರೋ ಗರಿ ಆಡಿಸಿದ ಹಾಗೆ ಆಗತೊಡಗಿತು. ಮುಂದಿನ ಸಲ ಹೋದಾಗ ಡೋಸ್ ಎರಡರಷ್ಟಾಯಿತು, ಗರಿ ಹೋಗಿ ಕೆಮ್ಮು ಬಂತು. ಕಫವಿಲ್ಲ, ಜ್ವರವಿಲ್ಲ, ಬರೀ ಒಣ ಕೆಮ್ಮು. ಬಂದರೆ ಕಣ್ಣಲ್ಲಿ ನೀರು ಬರುವ ತನಕ ಬಿಡುತ್ತಿರಲಿಲ್ಲ. ಅದೂ ಹೇಳಿ ಕಳಿಸಿದ ಹಾಗೆ, ಮಕ್ಕಳಿಗೆ ಆಗಷ್ಟೇ ಕಣ್ಣು ಹತ್ತಿರುವ ಹೊತ್ತಿಗೆ. ಸೆರಗು ಬಾಯಿಗೆ ತುರುಕಿಕೊಂಡು ಹೊರಗೆ ಓಡುವಷ್ಟರಲ್ಲಿ ಒಂದು ಮಗು ಎದ್ದು ರಾಗ ತೆಗೆಯುತ್ತಿತ್ತು; ಅದರ ಹಿಂದೆ ಇಡೀ ಸಾಲು.

ಒಬ್ಬ ತಾಯಿ ಮೇಡಮ್ಮಿಗೆ ಫೋನ್ ಮಾಡಿ, "ನಿಮ್ಮ ಆಯಾಗೆ ಟಿಬಿ ಏನಾದ್ರೂ ಇದೆಯಾ?" ಎಂದು ಕೇಳಿದಳಂತೆ. ಮೇಡಂ ಉಶ್ಶಮ್ಮನನ್ನು ಆಫೀಸಿಗೆ ಕರೆದು ಕೂರಿಸಿದರು. ಯಾವತ್ತೂ ಕೂರಿಸಿದವರಲ್ಲ.

"ಎಕ್ಸ್‌ರೇ ತೆಗೆಸಿದೀನಿ ಮೇಡಂ. ಎದೆ ಶುದ್ಧವಾಗಿದೆ ಅಂದ್ರು."

"ನಂಗೆ ಗೊತ್ತು. ಆದ್ರೆ ಎಕ್ಸ್‌ರೇನ ಬಾಗಿಲಿಗೆ ನೇತು ಹಾಕಕ್ಕಾಗತ್ತಾ ಹೇಳಿ. ಕೆಮ್ಮು ನಿಲ್ಲೋ ತನಕ ಮನೇಲಿರಿ."

ಮನೆಯಲ್ಲಿ ಕೂತರೆ ಸಂಬಳವಿಲ್ಲ. ಗಂಡನ ಅಂಗಡಿಗೆ ಬೀಗ ಕೆಟ್ಟವರು ಮಾತ್ರ ಬರುತ್ತಿದ್ದರು, ಈಗಿನವರು ಕೆಟ್ಟ ಬೀಗ ಎಸೆದು ಹೊಸದು ಕೊಳ್ಳುತ್ತಿದ್ದರು. ಆಕೆ ಕಷಾಯ ಕುಡಿದಳು, ಸಿರಪ್ ಕುಡಿದಳು. ಯಾವುದಕ್ಕೂ ಕೆಮ್ಮು ಜಗ್ಗಲಿಲ್ಲ. ಕಡೆಗೆ ಬೇಜಾರಾಗಿ ತಂಗಿಯ ಮನೆಗೆ ಹೋದಳು. ಗಡಿಬಿಡಿಯಲ್ಲಿ ಬಿಪಿ ಮಾತ್ರೆ ಬ್ಯಾಗಿಗೆ ಹಾಕಿಕೊಳ್ಳಲು ಮರೆತಳು. ಅಲ್ಲಿದ್ದಷ್ಟು ದಿನ ಕೆಮ್ಮು ಇಳಿಯುತ್ತ ಬಂತು. ವಾಪಸ್ ಬಂದು ಮಾತ್ರೆ ನುಂಗಿದ ವಾರದೊಳಗೆ ಮತ್ತೆ ಶುರುವಾಯಿತು. ಇದು ಮಾತ್ರೆಯದೇ ಕಿತಾಪತಿ ಎಂದು ಆಕೆಗೆ ಖಚಿತವಾಯಿತು. ಊಹೆ ಸರಿಯಾಗಿಯೇ ಇತ್ತು. ಅಷ್ಟು ಗೊತ್ತಾದ ಮೇಲೆ ಆಕೆ ಮಾಡಿದ್ದು ಮಾತ್ರ ತಪ್ಪಾಯಿತು: ಮಾತ್ರೆ ಬಿಟ್ಟಳು, ಯಾರಿಗೂ ಹೇಳಲಿಲ್ಲ.

ಹೇಳಬೇಕೆಂದೇ ಹೋಗಿದ್ದಳು. ಆದರೆ ಆಸ್ಪತ್ರೆಯಲ್ಲಿ ಪ್ರತಿ ಸಲವೂ ಬೇರೆ ಡಾಕ್ಟರು. ಆವತ್ತು ಇದ್ದವರು ತೋಳಿಗೆ ಬಿಪಿ ಪಟ್ಟಿ ಸುತ್ತಿ, ಗಾಳಿ ತುಂಬಿ, ಮುಖ ಗಂಟಿಕ್ಕಿದರು.

"ಇಷ್ಟು ಜಾಸ್ತಿ ಇದೆಯಲ್ಲ. ಮಾತ್ರೆ ಸರಿಯಾಗಿ ತಗೋತಿದೀರಾ?"

ಆಕೆಯ ಹಿಂದೆ ಕ್ಯೂ ಬಾಗಿಲು ದಾಟಿ ಹೋಗಿತ್ತು. ಇಲ್ಲ ಅಂದರೆ ಬೈಗುಳ ಖಂಡಿತ, ಜೊತೆಗೆ ಅದೇ ಮಾತ್ರೆ ಮತ್ತೆ. "ತಗೋತಿದೀನಿ" ಅಂದಳು.

"ಹಾಗಾದ್ರೆ ಡೋಸ್ ಸಾಲ್ತಾ ಇಲ್ಲ. ಇದು ಇರಲಿ, ಜೊತೆಗೆ ಇನ್ನೊಂದು ಬರೀತೀನಿ. ರಕ್ತ ಪರೀಕ್ಷೆ ಮಾಡಿಸಿ."

ರಕ್ತಕ್ಕೆ ಬೇರೆ ಕ್ಯೂ, ಇನ್ನರ್ಧ ದಿನದ ರಜೆ. ಕೆಮ್ಮು ನಿಂತು ಆಗಷ್ಟೇ ಕೆಲಸಕ್ಕೆ ಮರಳಿದ್ದ ಆಕೆಗೆ ರಜೆ ಕೇಳಲು ಬಾಯಿ ಬರಲಿಲ್ಲ. ಹೊಸ ಮಾತ್ರೆ ನುಂಗಿದಳು. ಹಳೆಯದನ್ನು ಬಚ್ಚಲಿಗೆ ಹಾಕಿದಳು. ಚಾಪೆಗಳ ನಡುವೆ ಮತ್ತೆ ಮೊದಲಿನಂತೆ ಕೂತಳು. ಮಕ್ಕಳು ಮಲಗಿದವು. ಮೇಡಂ ನಕ್ಕರು. ಮುಂದಿನ ಭೇಟಿಗಳಲ್ಲಿ ಅದೇ ಪ್ರಶ್ನೆಗೆ ಅದೇ ಉತ್ತರ ಹೇಳಿದಳು, ಹೊಸ ಮಾತ್ರೆಯ ಡೋಸ್ ಏರುತ್ತ ಹೋಯಿತು, ರಕ್ತ ಪರೀಕ್ಷೆ ಮುಂದಕ್ಕೆ ಹೋಗುತ್ತಲೇ ಇತ್ತು.

ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಕಾಲು ಊದಿಕೊಂಡಿತು. ಹಿಂದಿನ ಪಾಠ ನೆನಪಿತ್ತಲ್ಲ, ಇದೂ ಮಾತ್ರೆಯದೇ ಕೆಲಸ ಎಂದುಕೊಂಡಳು. ಅದಕ್ಕೆ ಸರಿಯಾಗಿ ಪಕ್ಕದ ಮನೆಯವಳೂ, "ಆ ಮಾತ್ರೆಗೆ ನನ್ನ ಕಾಲೂ ಊದಿತ್ತು" ಅಂದಳು. ಅದನ್ನೂ ಬಿಟ್ಟಳು. ಊತ ಇಳಿಯಲಿಲ್ಲ, ಮೊಣಕಾಲಿಗೆ ಏರಿತು, ಬೆಳಿಗ್ಗೆ ಎದ್ದರೆ ಮುಖಕ್ಕೂ ಬಂತು. ಅನ್ನ ಕಂಡರೆ ವಾಕರಿಕೆ. ಒಂದು ದಿನ ಡೇ ಕೇರಿನ ಮೆಟ್ಟಿಲ ಮೇಲೆ ಉಸಿರು ಸಿಗದೆ ಕೂತುಬಿಟ್ಟಳು. ಗಂಡ ಅಂಗಡಿ ತೆರೆದಿಟ್ಟೇ ಓಡಿಬಂದು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದ.

ವಾರ್ಡಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ರಕ್ತದ ವರದಿ ಹಿಡಿದು ಬಂದು, ಸ್ಟೂಲ್ ಎಳೆದುಕೊಂಡು ಕೂತು, ಒಂದೊಂದೇ ಮಾತ್ರೆಯ ಹೆಸರು ಹೇಳಿ ಕೇಳಿದರು. ಉಶ್ಶಮ್ಮ ಎಲ್ಲವನ್ನೂ ಹೇಳಿದಳು. ಗಂಡ ಗೋಡೆಗೆ ಒರಗಿ ನಿಂತು ಕೇಳಿಸಿಕೊಂಡ. ಅವನಿಗೂ ಅದು ಹೊಸ ಸುದ್ದಿ.

ಡಾಕ್ಟರು ವರದಿ ಮಡಿಚಿದರು. "ಆ ಮಾತ್ರೆಗೆ ಕೆಲವರಿಗೆ ಕೆಮ್ಮು ಬರತ್ತಮ್ಮ. ಅದಕ್ಕೇ ಇನ್ನೊಂದಿದೆ. ಅದೇ ಕೆಲಸ ಮಾಡತ್ತೆ, ಸಾಮಾನ್ಯವಾಗಿ ಕೆಮ್ಮು ಬರಲ್ಲ. ಇಲ್ಲೇ ಔಷಧಿ ಕೌಂಟರಲ್ಲಿ ಸಿಗತ್ತೆ. ಹೇಳಿದ್ದರೆ ಅವತ್ತೇ ಬದಲಾಯಿಸ್ತಿದ್ವಿ."

"ಕೆಮ್ಮು ಬರತ್ತಾ ಅಂತ ಯಾರೂ ಕೇಳಲಿಲ್ಲ ಡಾಕ್ಟ್ರೇ."

"ನೀವೂ ಹೇಳಲಿಲ್ಲ."

"ಇಲ್ಲ. ನಾನೂ ಹೇಳಲಿಲ್ಲ."

"ಈಗ ಕೊಡಕ್ಕಾಗಲ್ವಾ ಅದನ್ನ?" ಎಂದು ಗಂಡ ಕೇಳಿದ. ಡಾಕ್ಟರು ಇಲ್ಲವೆಂದು ತಲೆಯಾಡಿಸಿದರು. ಕಿಡ್ನಿಯಲ್ಲಿ ಕಾಯುವಂಥದ್ದು ಹೆಚ್ಚೇನೂ ಉಳಿದಿಲ್ಲ, ಇನ್ನು ಮುಂದೆ ಡಯಾಲಿಸಿಸ್ ಎಂದು ಮೆಲ್ಲಗೆ ವಿವರಿಸಿದರು.

ಅವರು ಹೋದ ಮೇಲೆ ಗಂಡ, "ನನಗಾದ್ರೂ ಹೇಳಬಾರದಿತ್ತಾ?" ಅಂದ.

"ಹೇಳಿದ್ದರೆ ಕೆಲಸ ಬಿಡು ಅಂತಿದ್ರಿ."

ಅವನು ಯೋಚಿಸಿದ. ಹಾಗೆ ಅನ್ನುತ್ತಿದ್ದೆ ಎಂದು ಎದೆ ತಟ್ಟಿ ಹೇಳಲು ಅವನಿಂದ ಆಗಲಿಲ್ಲ.

ವಾರ ಕಳೆದು ಮೇಡಂ ಬಂದರು, ಒಂದು ಚೀಲ ತುಂಬ ಬಾಳೆಹಣ್ಣು, ಕಿತ್ತಳೆ ಹಿಡಿದುಕೊಂಡು. ಮಂಚದ ತುದಿಯಲ್ಲಿ ಕೂತು ಉಶ್ಶಮ್ಮನ ಕೈ ಸವರಿದರು. "ನೀವಿಲ್ಲದೆ ಒಂದು ಮಗೂನೂ ಮಲಗ್ತಿಲ್ಲ. ಹೊಸಬಳು ಬಂದಿದ್ದಾಳೆ, ಬಾಯಿ ಜೋರು. ನಿಮ್ಮ ಕಡೆ ಯಾರಾದ್ರೂ ಮೆತ್ತಗಿನವರಿದ್ರೆ ಹೇಳಿ."

"ವಿಚಾರಿಸ್ತೀನಿ ಮೇಡಂ" ಎಂದು ಗೋಡೆಯ ಕಡೆ ತಿರುಗಿದಳು.

ಗಂಡ ಮೇಡಮ್ಮನ್ನು ಲಿಫ್ಟಿನ ತನಕ ಬಿಟ್ಟು ಬಂದ. ನರ್ಸ್ ಚೀಲದೊಳಗೆ ಇಣುಕಿ, "ಕಿಡ್ನಿ ಕೆಟ್ಟವರಿಗೆ ಬಾಳೆಹಣ್ಣು, ಕಿತ್ತಳೆ ಎರಡೂ ವಿಷ ಇದ್ದ ಹಾಗೆ, ಇಲ್ಲಿಡಬೇಡಿ" ಅಂದಳು. ಅವನು ಚೀಲ ಎತ್ತಿಕೊಂಡು ಹೊರಗೆ ಮೆಟ್ಟಿಲ ಮೇಲೆ ಹೋಗಿ ಕೂತ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಒಂದು ಸುಲಿದ, ಇನ್ನೊಂದು ಸುಲಿದ, ನಿಲ್ಲಿಸಲಾಗಲಿಲ್ಲ. ಬಾಯಿ ಒರೆಸಿಕೊಂಡು ಒಳಗೆ ಬಂದಾಗ ಆಕೆ ಈ ಕಡೆಗೆ ತಿರುಗಿ ಮಲಗಿದ್ದಳು.

"ಸಿಹಿ ಇತ್ತಾ?" ಎಂದಳು.

"ಇತ್ತು" ಎಂದ.