ಪಕ್ಕದ ಮಂಚದವನಿಗೆ ಹೇಳಿಕೊಟ್ಟ ಪಾಠ

ಬೀಡಿ ಸೇದಿ ಶ್ವಾಸಕೋಶ ಕೆಡಿಸಿಕೊಂಡದ್ದಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳಬೇಕಾಗಿಲ್ಲ. ಅದು ನನ್ನದೇ ಎದೆ. ಕೇಳಬೇಕಾದದ್ದು ಸಂತೆಬಾಚಹಳ್ಳಿ ಕಡೆಯ ಒಬ್ಬ ರೈತನನ್ನು.

ಚಳಿ ಶುರುವಾದರೆ ನನಗೆ ದಮ್ಮು ಏರುತ್ತದೆ. ಹೋದ ವರ್ಷ ಮಗಳು ನಮ್ಮೂರು ಗಂಜಾಂನಿಂದ ಆಟೋದಲ್ಲಿ ಕರೆದುಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದಳು. ಪಕ್ಕದ ಮಂಚದಲ್ಲಿದ್ದವನು ಈ ರೈತ. ಅವನಿಗೂ ಅದೇ ಕಾಯಿಲೆ. ಮನೆಗೆ ಕಳಿಸುವ ದಿನ ನರ್ಸಮ್ಮ ಇಬ್ಬರಿಗೂ ಕ್ಯಾಪ್ಸೂಲುಗಳನ್ನೂ ಒಂದೊಂದು ಪ್ಲಾಸ್ಟಿಕ್ ಕೊಳವೆಯನ್ನೂ ಕೊಟ್ಟು, ಬಳಸುವುದು ಹೇಗೆಂದು ಹೇಳಲು ಬಾಯಿ ತೆರೆದರು.

"ಗೊತ್ತಮ್ಮ, ಎಸ್ಸೆಲ್ಸಿ ಮಾಡಿದ್ದೀನಿ. ಇವನಿಗೂ ನಾನೇ ಹೇಳ್ತೀನಿ" ಎಂದು ಅವರನ್ನು ಕಳಿಸಿಬಿಟ್ಟೆ.

ರೈತ ಕೊಳವೆಯನ್ನು ತಿರುಗಿಸಿ ನೋಡಿದ. "ಯಜಮಾನ್ರೇ, ಇದ್ನೇನ್ ಮಾಡಾದು?"

"ಕ್ಯಾಪ್ಸೂಲ್ ಅಂದ್ಮೇಲೆ ನುಂಗೋದು ಕಣಯ್ಯ. ಕೊಳವೆ ಊರಿಗೆ ಹೋಗ್ವಾಗ ಒಂದೆರಡು ಹಾಕಿಟ್ಕೊಳಕ್ಕೆ."

ನಾನು ಅದನ್ನು ನಂಬಿಯೇ ಹೇಳಿದ್ದು. ಇಬ್ಬರೂ ಮನೆಗೆ ಹೋಗಿ ತಪ್ಪದೆ ನುಂಗಿದೆವು.

ಚಳಿ ಮುಗಿಯುವುದರೊಳಗೆ ಇಬ್ಬರೂ ಮತ್ತೆ ಅದೇ ವಾರ್ಡಿಗೆ ಬಂದೆವು. ನನ್ನದು ಅಷ್ಟು ಜೋರಿರಲಿಲ್ಲ. ಅವನು ಮೂಗಿಗೆ ಆಕ್ಸಿಜನ್ ಹಾಕಿಸಿಕೊಂಡು, ಎರಡು ಮಾತಿಗೊಮ್ಮೆ ನಿಂತು ಉಸಿರೆಳೆಯುತ್ತಿದ್ದ. ಅವನನ್ನು ಎಕ್ಸ್‌ರೇಗೆ ಕರೆದೊಯ್ದಿದ್ದಾಗ ನರ್ಸಮ್ಮ, "ತಾತ, ಔಷಧಿ ಹೆಂಗೆ ತಗೊಳ್ತಿದ್ರಿ ತೋರ್ಸಿ" ಎಂದರು. ನಾನು ಕ್ಯಾಪ್ಸೂಲನ್ನು ಬಾಯಿಗೆ ಹಾಕಿ ಒಂದು ಲೋಟ ನೀರು ಕುಡಿದೆ.

ನರ್ಸಮ್ಮ ಹಣೆ ಹಿಡಿದುಕೊಂಡರು. "ಅದು ಹೊಟ್ಟೆಗಲ್ಲ ತಾತ, ಎದೆಗೆ. ಕೊಳವೆ ಒಳಗೆ ಹಾಕಿ, ಕ್ಯಾಪ್ಸೂಲಲ್ಲಿರೋ ಪುಡಿಯನ್ನ ಬಾಯಿಂದ ಜೋರಾಗಿ ಎಳ್ಕೋಬೇಕು."

ಎಳೆದುಕೊಂಡೆ. ಪಕ್ಕದವನ ವಿಷಯ ಮಾತ್ರ ಬಾಯಿಬಿಡಲಿಲ್ಲ. ಓದಿದವನೆಂಬ ಮರ್ಯಾದೆ ಆ ವಾರ್ಡಿನಲ್ಲಿ ನನಗೊಬ್ಬನಿಗೇ ಇತ್ತು.

ಸಂಜೆ ಡಾಕ್ಟರು ಅವನನ್ನು ನೋಡಿ, ಔಷಧಿ ಹತ್ತುತ್ತಿಲ್ಲ, ಮೈಸೂರಿಗೆ ಕಳಿಸಬೇಕು ಎಂದು ಮುಂದಿನ ಮಂಚಕ್ಕೆ ಹೋದರು. ಅವನ ಹೆಂಡತಿ ಕಣ್ಣೊರೆಸಿಕೊಳ್ಳುತ್ತ ಬಟ್ಟೆ ಗಂಟು ಕಟ್ಟತೊಡಗಿದಳು.

"ಅಳಬ್ಯಾಡ ಕಣಮ್ಮಿ... ಯಜಮಾನ್ರು ಯೋಳ್ಕೊಟ್ಟಂಗೆ... ನುಂಗಿದ್ಕೇ... ಇಷ್ಟ್ ದಿನ... ಬದ್ಕಿವ್ನಿ" ಎಂದ ಅವನು.

ಇನ್ನು ಮಲಗಿರಲಾಗಲಿಲ್ಲ. ಎದ್ದು ಹೋಗಿ ಡಾಕ್ಟರ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ ನನ್ನ ಪಾಠವನ್ನು ಒಪ್ಪಿಸಿದೆ. ಅವರು ರೈತನ ಮಂಚದ ಹತ್ತಿರ ವಾಪಸು ಬಂದು, "ಮೈಸೂರು ಆಮೇಲೆ ನೋಡೋಣ. ಮೊದ್ಲು ಸರಿಯಾಗಿ ಎಳ್ಕೊಳೋದು ಕಲೀಲಿ" ಎಂದರು.

ರೈತ ನನ್ನತ್ತ ತಿರುಗಿದ. "ಲೇ..." ಎನ್ನುವಷ್ಟರಲ್ಲಿ ಉಸಿರು ಸಾಲದಾಯಿತು.

"ನಿಂಗೆ ದಮ್ಮು, ನೀನ್ ಸುಮ್ಕಿರು. ನಾ ಬೈತೀನಿ" ಎಂದು ಹೆಂಡತಿ ಗಂಟು ಕೆಳಗಿಟ್ಟಳು. ಊಟದ ಗಾಡಿ ಬರುವ ತನಕ ಬೈದಳು.

ಕೆಲವು ದಿನ ಆ ಕೆಲಸ ಅವಳದೇ. ಒಂದು ಬೆಳಿಗ್ಗೆ ಅವಳು ಕಾಫಿ ತರಲು ಹೋಗಿದ್ದಾಗ ಅವನೇ ಎದ್ದು ಕೂತು ಶುರುಮಾಡಿದ. ನನ್ನ ಓದು, ನನ್ನ ನಾಲಗೆ, ನನ್ನನ್ನು ಪಾಸು ಮಾಡಿದ ಮೇಷ್ಟ್ರು, ಯಾರನ್ನೂ ಬಿಡದೆ, ಉಸಿರಿಗೆಂದು ಎಲ್ಲೂ ನಿಲ್ಲದೆ ಬೈದ. ನಾನು ಕೈಮುಗಿದುಕೊಂಡು ಕೇಳಿದೆ.

"ಇನ್ನೂ ಇದ್ರೆ ಬೈಯಪ್ಪ" ಎಂದೆ.