ಮಾವಿನ ಎಸೆನ್ಸಿನ ಬಾಟಲಿ

ನಾಲ್ಕೂವರೆಗೆ ಎದ್ದು ಅಕ್ಕಿ ತೊಳೆದು ಕುಕ್ಕರಿಗಿಡುವುದು. ಅತ್ತೆಗೆ ಡಿಕಾಕ್ಷನ್ ಇಳಿಸುವುದು. ಮಗಳ ಯೂನಿಫಾರ್ಮಿಗೆ ಇಸ್ತ್ರಿ, ಎರಡು ಊಟದ ಡಬ್ಬಿ, ಏಸಿಯಿಂದ ತೊಟ್ಟಿಕ್ಕಿ ತುಂಬಿದ ಬಕೆಟ್ಟು. ಆಮೇಲೆ, ಬೆಳಕು ಹರಿಯುವ ಮೊದಲೇ, ಗಂಡನ ವೇಪ್, ಹೊಗೆಯ ಬದಲು ನಿಕೋಟಿನ್ ಆವಿ ಎಳೆಯುವ ಬ್ಯಾಟರಿ ಸಿಗರೇಟು: ಒರೆಸಿ, ಪುಟ್ಟ ತೂತಿನಲ್ಲಿ ದ್ರವ ತುಂಬಿ, ಚಾರ್ಜಿಗೆ ಹಾಕುವುದು. ಈ ಕೊನೆಯ ಕೆಲಸ ಆಶಿತಾಳ ಪಾಲಿಗೆ ಬಂದು ಮೂರು ತಿಂಗಳಾಗಿತ್ತು. ರಾಜಗೋಪಾಲ ಸಿಗರೇಟು ಬಿಟ್ಟೂ ಅಷ್ಟೇ ದಿನ.

"ನೀನೇ ತುಂಬು ಆಶಿ. ಲ್ಯಾಬಲ್ಲಿ ಇದ್ದವಳು, ನಿನ್ನ ಕೈ ನಡುಗಲ್ಲ" ಎಂದಿದ್ದ. ಮೈಸೂರಿನ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಏಳು ವರ್ಷ ದುಡಿದ ಕೈ. ಫ್ಯಾಮಿಲಿ ವೀಸಾದಲ್ಲಿ ಒಮಾನಿನ ಅಲ್ ಅಜೈಬಾಕ್ಕೆ ಬಂದ ಮೇಲೆ ಆ ಕೈಯ ಕಸುಬು ಅವನಿಗೆ ನೆನಪಾದದ್ದು ಇದೊಂದಕ್ಕೆ.

ಗಂಡಸು ವ್ರತ ಹಿಡಿದರೆ ನೇಮ ನಡೆಸುವವಳು ಹೆಂಡತಿ. ಮೊದಲ ತಿಂಗಳು ಸಾರಿಗೆ ಉಪ್ಪು ಹೆಚ್ಚೆಂದು ಅವನು ತಟ್ಟೆ ತಳ್ಳಿದಾಗ, ವಿಸಿಟ್ ವೀಸಾದಲ್ಲಿ ಬಂದಿದ್ದ ಅತ್ತೆ ಸುಶೀಲಮ್ಮ, "ಪಾಪ, ಸಿಗರೇಟು ಬಿಟ್ಟಿದಾನೆ. ನೀನೇ ಸ್ವಲ್ಪ ತಾಳ್ಕೊಳಮ್ಮ" ಎಂದಿದ್ದರು. ಅವನ ಬಾಯಿಗೆಂದು ದಿನವೂ ಕ್ಯಾರೆಟ್ಟು ಸೀಳಿ ಡಬ್ಬಿಗೆ ಹಾಕಿದವಳು ಅವಳು. ಕನ್ನಡ ಸಂಘದ ಊಟದ ದಿನ ಅವನು ಮೈಕು ಹಿಡಿದು, "ಎಲ್ಲಾ ವಿಲ್‌ಪವರ್ ಸ್ವಾಮಿ!" ಎಂದ. ಚಪ್ಪಾಳೆ ಬಿತ್ತು. ಆಶಿತಾ ಆಗ ಪುಳಿಯೋಗರೆ ಬಡಿಸುತ್ತಿದ್ದಳು.

ಒಮಾನಿನಲ್ಲಿ ವೇಪ್ ಮಾರುವಂತಿಲ್ಲ, ಹೊರಗಿನಿಂದ ತರುವಂತಿಲ್ಲ. ಆಫೀಸು ಕೆಲಸಕ್ಕೆ ದುಬೈಗೆ ಹೋದಾಗ ರಾಜಗೋಪಾಲ ದ್ರವವನ್ನು ಮಾವಿನ ಎಸೆನ್ಸಿನ ಖಾಲಿ ಬಾಟಲಿಗೆ ಸುರಿದು ತರುತ್ತಿದ್ದ. ಗಡಿಯಲ್ಲಿ ಎಸೆನ್ಸನ್ನು ಯಾರು ಮೂಸಿ ನೋಡುತ್ತಾರೆ? ಮೂಸಿದರೂ ಮಾವಿನದೇ ವಾಸನೆ.

"ನಿಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿ" ಎಂದಿದ್ದಳು ಆಶಿತಾ.

"ಈ ಸೆಖೆಗೆ ಕೆಡತ್ತೆ ಕಣೆ. ಫ್ರಿಜ್ಜಲ್ಲಿರಲಿ. ಎಸೆನ್ಸು ಬೀರುವಲ್ಲಿದ್ರೆ ನೋಡಿದವ್ರು ಏನಂತಾರೆ?"

ಅವಳು ಬಾಟಲಿಗೆ 'ಮುಟ್ಟಬೇಡಿ' ಎಂದು ಬರೆದು ಚೀಟಿ ಅಂಟಿಸಿದಳು. ಅವನು ಕಿತ್ತೆಸೆದ. "ಪೊಲೀಸ್ರಿಗೆ ಬೋರ್ಡ್ ಹಾಕ್ತಿದೀಯಾ? ಅಮ್ಮಂಗೂ ಹೇಳ್ಬೇಡ, ಊರಿಗೆಲ್ಲ ಸಾರಿಬಿಡ್ತಾಳೆ."

ಆ ಶುಕ್ರವಾರ ಅವನು ಕ್ರಿಕೆಟ್ ಆಡಲು ಹೋಗಿದ್ದ. ಆಶಿತಾ ಮಹಡಿಯಲ್ಲಿ ಹಾಸಿಗೆ ಬಟ್ಟೆ ಒಣಹಾಕುತ್ತಿದ್ದಳು. ಬರೀ ಹಾಲು ಬೇಡವೆಂದು ಹಟ ಹಿಡಿದ ಆರು ವರ್ಷದ ಮೊಮ್ಮಗಳು ಹಿತಾಳ ಲೋಟಕ್ಕೆ ಸುಶೀಲಮ್ಮ ಆ ಬಾಟಲಿಯಿಂದ ಒಂದು ಚಮಚ ಬೆರೆಸಿದರು.

ಕೆಳಗಿಳಿದಾಗ ಮಗು ಜೊಲ್ಲು ಸುರಿಸುತ್ತ ನಿಂತಿತ್ತು. "ಅಮ್ಮಾ, ಇಟ್ಸ್ ಬರ್ನಿಂಗ್" ಎಂದದ್ದೇ ವಾಂತಿ. ಮುಖ ಬಿಳಿಚಿ ಬೆವೆತಿತ್ತು. ಆಶಿತಾ ಲೋಟ ನೋಡಿದಳು, ಬಾಟಲಿ ನೋಡಿದಳು. ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಮಗುವನ್ನೆತ್ತಿ ರಸ್ತೆಗೆ ಓಡಿದಳು. ಹಿಂದೆ ಅಳುತ್ತ ಸುಶೀಲಮ್ಮ.

ಟ್ಯಾಕ್ಸಿಯಿಂದ ಗಂಡನಿಗೆ ಫೋನ್ ಮಾಡಿದಳು.

"ಎಷ್ಟು ಕುಡಿದ್ಳು?"

"ಎರಡು ಗುಟುಕು. ನೇರ ಆಸ್ಪತ್ರೆಗೆ ಬನ್ನಿ."

"ಬರ್ತೀನಿ. ನೋಡು ಆಶಿ, ಎಸೆನ್ಸ್ ಅಂತಲೇ ಹೇಳು. ಕಂಪನಿಗೆ ಗೊತ್ತಾದ್ರೆ ಖಲಾಸ್! ಕೆಲಸ, ವೀಸಾ, ಎಲ್ಲ. ವಾಂತಿ ಆಗಿದೆಯಲ್ಲ, ಹೋಯ್ತು ಬಿಡು."

"ನಿಮ್ಮ ಮಗಳು ರೀ ಅವಳು!"

"ಅವಳಿಗೋಸ್ಕರವೇ ಹೇಳ್ತಿರೋದು! ಅಷ್ಟಕ್ಕೂ ಫ್ರಿಜ್ಜಲ್ಲಿ ಏನಿದೆ ಅಂತ ಅಮ್ಮಂಗೆ ಹೇಳಿಡಬಾರ್ದಾ? ಅಡುಗೆಮನೆ ನಿಂದಲ್ವಾ?"

ಮೂರು ತಿಂಗಳ ವಿಲ್‌ಪವರ್ ಅವನದು. ಬಾಟಲಿ ಮಾತ್ರ ಈಗ ಅವಳದು. ಆಶಿತಾಳಿಗೆ ಅಳು ಬರಲಿಲ್ಲ, ಕಿವಿ ಕಾದವು. ಪಕ್ಕದಲ್ಲಿ ಫೋನಿನ ಮಾತೆಲ್ಲ ಕೇಳಿಸಿಕೊಂಡಿದ್ದ ಸುಶೀಲಮ್ಮ ಅವಳ ಮೊಣಕೈ ಹಿಡಿದರು. "ನಂಗೊತ್ತಾಗ್ಲಿಲ್ಲ ಕಣಮ್ಮ, ಮೇಲೆ ಎಸೆನ್ಸ್ ಅಂತಿತ್ತು. ಒಂದೇ ಚಮಚ ಹಾಕಿದ್ದು. ಆದ್ರೂ ಅವನು ಹೇಳಿದ ಹಾಗೆ ಹೇಳ್ಬಿಡು, ಕೆಲಸ ಹೋದ್ರೆ..."

ತುರ್ತು ವಿಭಾಗದೊಳಗೆ ಒಬ್ಬರಿಗೇ ಪ್ರವೇಶ. ಸುಶೀಲಮ್ಮ ಬಾಗಿಲಲ್ಲೇ ಉಳಿದರು. ಸುಡಾನಿನ ಡಾಕ್ಟರಮ್ಮ ಹಿತಾಳ ರೆಪ್ಪೆ ಎತ್ತಿ ನೋಡಿ, ನಾಡಿ ಹಿಡಿದು, ಇಂಗ್ಲಿಷಿನಲ್ಲಿ ಏನು ಕುಡಿದದ್ದೆಂದು ಕೇಳಿದರು. ಆಹಾರದ ಎಸೆನ್ಸಾದರೆ ಹೆಚ್ಚು ಭಯವಿಲ್ಲ, ಸ್ವಲ್ಪ ಹೊತ್ತಿನಲ್ಲಿ ಮನೆಗೆ ಕಳಿಸಬಹುದು. ಬೇರೇನಾದರೂ ಆದರೆ ಈಗಲೇ ತಿಳಿಯಬೇಕು, ಉಸಿರಿನ ಮೇಲೆ ಕಣ್ಣಿಡಬೇಕು.

ಚೀಲದಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಆಶಿತಾ ಅದನ್ನು ಹೊರತೆಗೆದು, ಗಂಡನ ಹೆಸರು ನೋಡಿ, ಆಫ್ ಮಾಡಿದಳು. ಬಾಟಲಿಯನ್ನು ಡಾಕ್ಟರಮ್ಮನ ಕೈಗಿಟ್ಟಳು.

"ಮೇಲಿನ ಹೆಸರು ನಂಬಬೇಡಿ, ಇದು ವೇಪಿನ ನಿಕೋಟಿನ್. ಮಿಲಿಗೆ ಇಪ್ಪತ್ತು ಮಿಲಿಗ್ರಾಂ. ಒಂದು ಲೋಟ ಹಾಲಿಗೆ ಒಂದು ಚಮಚ ಬೆರೆತಿತ್ತು, ಕುಡಿದದ್ದು ಎರಡು ಗುಟುಕು. ಅರ್ಧ ಗಂಟೆಯಾಯಿತು" ಎಂದಳು. "ಬರೆದುಕೊಳ್ಳಿ. ತಂದವರ ಹೆಸರು ಬೇಕಿದ್ದರೆ ಅದನ್ನೂ ಹೇಳುತ್ತೇನೆ."